ಮಕ್ಕಳ ವಾಂತಿ-ಭೇದಿ: ಪೋಷಕರ ಗಮನಕ್ಕೆ

ಗುಂಪಿನ ಎಲ್ಲ ಪೋಷಕರಿಗೆ ನಮಸ್ಕಾರ. ಮಕ್ಕಳ ವಾಂತಿ-ಭೇದಿಯ ಬಗ್ಗೆ ಒಂದೇ ಬಗೆಯ ಪ್ರಶ್ನೆಗಳು ಪದೇ ಪದೇ ಬರುತ್ತಿರುವುದರಿಂದ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಓಆರ್‌ಎಸ್ ಪುಡಿಯನ್ನು (ವಾಂತಿ-ಭೇದಿಯಲ್ಲಿ ದೇಹ ಕಳೆದುಕೊಂಡ ನೀರು, ಲವಣಗಳನ್ನು ತುಂಬಿಕೊಡಲು ನೀರಿನಲ್ಲಿ ಕರಗಿಸಿ ಕುಡಿಸುವ ಪುಡಿ) ಆಗಾಗ ಸ್ವಲ್ಪ ಸ್ವಲ್ಪವೇ ಲೋಟದ ನೀರಿಗೆ ಉದುರಿಸಿ ಕುಡಿಸುವ ಅಭ್ಯಾಸ ಹಲವರಲ್ಲಿದೆ, ಅದು ತಪ್ಪು. ಆರೋಗ್ಯ ಕೇಂದ್ರದಲ್ಲಿ ಕೊಡುವ ದೊಡ್ಡ ಪೊಟ್ಟಣವನ್ನು ಕುದಿಸಿ ಆರಿಸಿದ 1 ಲೀಟರ್ ನೀರಿನಲ್ಲಿ ಪೂರ್ತಿಯಾಗಿ ಕರಗಿಸಬೇಕು, ಚಿಕ್ಕ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು ಹಾಕಬೇಕು, 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಬೇಕು. ಕುಡಿದದ್ದು ವಾಂತಿಯಾದರೆ 10 ನಿಮಿಷ ಬಿಟ್ಟು, ಚಮಚದಲ್ಲಿ ನಿಧಾನವಾಗಿ ಮತ್ತೆ ಆರಂಭಿಸಿ. ಅಂಗಡಿಯ ಸಿಹಿ ಜ್ಯೂಸ್ ಇದಕ್ಕೆ ಬದಲಿಯಲ್ಲ. ಅದರ ಸಕ್ಕರೆಯಿಂದ ಭೇದಿ ಹೆಚ್ಚಾಗಬಹುದು.

ಎದೆಹಾಲನ್ನಾಗಲಿ, ಗಂಜಿ, ಮೆತ್ತಗಿನ ಮೊಸರನ್ನವನ್ನಾಗಲಿ ನಿಲ್ಲಿಸಬಾರದು. ಹೊಟ್ಟೆ ಖಾಲಿ ಬಿಟ್ಟರೆ ಭೇದಿ ನಿಲ್ಲುತ್ತದೆಂಬ ಹಿರಿಯರ ಮಾತನ್ನು ಈ ಒಂದು ವಿಷಯದಲ್ಲಿ ಪಕ್ಕಕ್ಕಿಡೋಣ. ವೈದ್ಯರು ಬರೆದುಕೊಟ್ಟ ಜಿಂಕ್ ಮಾತ್ರೆಯನ್ನು, ಭೇದಿ ನಿಂತರೂ, ಅವರು ಹೇಳಿದಷ್ಟು ದಿನ ಕೊಡಿ. ಸಾಮಾನ್ಯವಾಗಿ ಅದು 14 ದಿನ.

ಕುಡಿಸಿದ್ದೆಲ್ಲ ವಾಂತಿಯಾಗುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, 6 ಗಂಟೆಯಿಂದ ಮೂತ್ರವಾಗದಿದ್ದರೆ, ಕಣ್ಣು ಗುಳಿಬಿದ್ದು ಮಗು ಮಂಕಾಗಿದ್ದರೆ, ಅಥವಾ ಹೊಟ್ಟೆಯ ಚರ್ಮವನ್ನು ಎರಡು ಬೆರಳುಗಳಿಂದ ಮೆಲ್ಲಗೆ ಎತ್ತಿ ಬಿಟ್ಟಾಗ ಅದು ಕೂಡಲೇ ಸಮವಾಗದೆ ಮಡಿಕೆಯಾಗಿಯೇ ಉಳಿದರೆ, ಇಲ್ಲಿ ಉತ್ತರಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. 3 ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರವಿದ್ದರೂ ಅದೇ ದಿನ, ರಾತ್ರಿಯಾಗಿದ್ದರೆ ರಾತ್ರಿಯೇ, ವೈದ್ಯರಿಗೆ ತೋರಿಸಬೇಕು.

ಡೈಪರಿನ ಚಿತ್ರಗಳನ್ನು ದಯವಿಟ್ಟು ಗುಂಪಿಗೆ ಹಾಕದೆ ವೈದ್ಯರಿಗೇ ತೋರಿಸಿ.