ಹೋಳಿಗೆಗೆ ಬೇಡ ಅನ್ನು, ಮದುವೆಗಲ್ಲ

ಗದಗ

ಪ್ರೀತಿಯ ಮಗಳೇ,

ಹಾವೇರಿ ಮದುವೆಗೆ ಹುಬ್ಬಳ್ಳಿಯಿಂದ ಸೀದಾ ಹೋಗ್ತೀನಿ ಅಂದೆಯಲ್ಲ, ಖುಷಿಯಾಯಿತು. ಊಟದ ಮಾತು ಫೋನಿನಲ್ಲಿ ಅರ್ಧಕ್ಕೇ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಸೋದರತ್ತೆ ಆಗಲೇ ಶುರು ಮಾಡಿದ್ದಾಳೆ. "ಹೋಳಿಗಿ ಒಂದರ ತಿನ್ನಲಿ ಬಿಡ್ರಿ ವೈನಿ, ತುಪ್ಪ ಜಾಸ್ತಿ ಹಾಕ್ತೀನಿ" ಅಂದಳು. ತುಪ್ಪ ಹಾಕಿದರೆ ಅರಗುತ್ತದೆ ಅಂತ ಅವಳ ಲೆಕ್ಕ. ನಿನಗಿರುವುದು ಅಜೀರ್ಣ ಅಲ್ಲ, ಸೀಲಿಯಾಕ್ ರೋಗ ಅಂತ ಹೇಳಿದೆ. ಗೋಧಿಯಲ್ಲಿರುವ ಗ್ಲುಟೆನ್ ಅನ್ನೋ ಪ್ರೋಟೀನ್ ಒಳಗೆ ಹೋದರೆ ನಿನ್ನ ಮೈಯೇ ನಿನ್ನ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಪದರ ಸವೆಯುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ. ಅಷ್ಟೊಂದು ಕಬ್ಬಿಣದ ಮಾತ್ರೆ ನುಂಗಿದರೂ ನಿನ್ನ ಹಿಮೋಗ್ಲೋಬಿನ್ ಏರದೆ ಇದ್ದದ್ದು ಅದಕ್ಕೇ ಅಲ್ವಾ? ತಿಂದ ದಿನ ಹೊಟ್ಟೆ ನೋಯದಿದ್ದರೂ ಒಳಗೆ ಪೆಟ್ಟು ಬೀಳಬಹುದು. ಪ್ಯಾಕೆಟ್ ಮೇಲೆ ಗ್ಲುಟೆನ್ ಫ್ರೀ ಅಂತ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಜಾಸ್ತಿ ಇರಬಾರದು ಅಂತ ನಿಯಮ. ಇನ್ನು ಹೋಳಿಗೆಯ ಮಾತೆಲ್ಲಿ ಬಂತು!

ಹೋಳಿಗೆ, ಮಾದಲಿ, ಶಾವಿಗೆ ಪಾಯಸ ಕಣ್ಣಿಗೆ ಕಾಣುತ್ತವೆ, ಬೇಡ ಅನ್ನಬಹುದು. ನನಗೆ ಚಿಂತೆ ಸಾರಿನದು. ಅಂಗಡಿಯ ಇಂಗಿನ ಪುಡಿಗೆ ಬಹಳ ಸಲ ಮೈದಾ ಇಲ್ಲವೇ ಗೋಧಿ ಹಿಟ್ಟು ಕೂಡಿಸಿರುತ್ತಾರೆ. ಮಿರ್ಚಿ ಕಡಲೆ ಹಿಟ್ಟಿನದೇ, ಆದರೆ ಪೂರಿ ಕರಿದ ಎಣ್ಣೆಯಲ್ಲೇ ಅದನ್ನೂ ಬಿಡುತ್ತಾರೆ. ಖಪ್ಲಿ ಗೋಧಿ ಹುಗ್ಗಿ ನಡೀತದೆ ಅಂತ ನಿನ್ನ ಕಾಕಾ ಒತ್ತಾಯ ಮಾಡಿದರೆ ನಕ್ಕು ಬಿಡು. ಖಪ್ಲಿಯೂ ಗೋಧಿಯೇ. ಬಿಳಿ ಅನ್ನ, ಮೊಸರು, ಬಾಳೆಹಣ್ಣು ಹಾಕಿಸಿಕೋ. ಉಳಿದದ್ದು ಡಬ್ಬಿಯಲ್ಲಿದೆ.

ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಇಟ್ಟು ಅಪ್ಪನ ಕೈಲಿ ಕಳಿಸುತ್ತಿದ್ದೇನೆ. ಜೋಳ, ಸಜ್ಜೆ, ನವಣೆ, ಅಕ್ಕಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ಅಷ್ಟರ ಮಟ್ಟಿಗೆ ನಮ್ಮ ಎರೆ ಸೀಮೆಯಲ್ಲಿ ಹುಟ್ಟಿದ್ದು ನಿನ್ನ ಪುಣ್ಯ. ಆದರೆ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿಯುತ್ತಾರೆ. ಒಂದು ಸಲ ನಿಂತು ನೋಡಿದೆ. ಹಿಂದಿನವರ ಹಿಟ್ಟು ಜೋಳಿಗೆ ಬಟ್ಟೆಗೆ ಅಂಟಿತ್ತು, ನಮ್ಮ ಜೋಳದ ಜೊತೆಗೇ ಡಬ್ಬಿಗೆ ಉದುರಿತು. ಗಿರಣಿಯವನು ಬಟ್ಟೆ ಕೊಡವಿದ, ಪಾಪ. ಕೊಡವಿದಷ್ಟೂ ಹಿಟ್ಟು ಹಾರಿತು. ಈಗ ಮನೆಗೇ ಸಣ್ಣ ಗಿರಣಿ ಬಂದಿದೆ. ಅದಕ್ಕೆ ಗೋಧಿ ಮುಟ್ಟಿಸಿಲ್ಲ. ನಿನ್ನ ಪರಾತ, ತವಾ, ಸಾಣಿಗೆ ಎಲ್ಲ ಮೇಲಿನ ಕಪಾಟಿನಲ್ಲಿವೆ. ಖಾನಾವಳಿಯಲ್ಲಿ ರೊಟ್ಟಿ ಕಂಡರೂ ಚಪಾತಿ ಯಾವ ತವಾದಲ್ಲಿ ಸುಡ್ತೀರಿ ಅಂತ ಕೇಳು. ಕೇಳಿದರೆ ಯಾರೂ ಬೈಯುವುದಿಲ್ಲ. ಬೈದರೆ ಬೈಯಲಿ.

ನಿನ್ನ ತಮ್ಮನ ಸುದ್ದಿ ಕೇಳು. ಒಡಹುಟ್ಟಿದವರಿಗೂ ಬರುವ ಸಾಧ್ಯತೆ ಜಾಸ್ತಿ ಅಂತ ಡಾಕ್ಟರು ಅವನ ರಕ್ತವನ್ನೂ ಪರೀಕ್ಷೆ ಮಾಡಿಸಿ ಅಂದಿದ್ದಾರೆ. ಇವನು ಅಕ್ಕನಿಗೆ ಇಲ್ಲದ್ದು ನನಗೂ ಬೇಡ ಅಂತ ಚಪಾತಿ ಬಿಟ್ಟು ಕೂತಿದ್ದ. ಗೋಧಿ ಬಿಟ್ಟು ಪರೀಕ್ಷೆ ಮಾಡಿಸಿದರೆ ರೋಗ ಇದ್ದರೂ ತಪ್ಪಿಹೋಗಬಹುದು, ಅಲ್ಲಿಯವರೆಗೆ ತಿನ್ನಲೇಬೇಕು ಅಂತ ಡಾಕ್ಟರು ಗದರಿದರು. ಈಗ ದಿನಾ ಮುಖ ಸಿಂಡರಿಸಿಕೊಂಡು ತಿನ್ನುತ್ತಾನೆ.

ಅತ್ತೆ ಬೇಜಾರು ಮಾಡಿಕೊಂಡರೆ ನನಗೆ ಫೋನ್ ಹಚ್ಚಿಕೊಡು, ನಾನು ಮಾತಾಡ್ತೀನಿ. ನೀನು ಮಾತ್ರ ಯಾರ ಮುಲಾಜಿಗೂ ಒಂದು ತುತ್ತೂ ಬಾಯಿಗೆ ಹಾಕಬೇಡ. ಹಸಿರು ಸೀರೆ ಉಟ್ಟುಕೋ. ಡಬ್ಬಿ ಸ್ಟೀಲಿಂದು, ಅಲ್ಲೇ ಬಿಟ್ಟು ಬರಬೇಡ.

ನಿನ್ನ ಅವ್ವ