ಇಗ್ಲೂ ಅಲ್ಲ, ಇಡ್ಲಿ

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ಭಾನುವಾರದ ಪುರವಣಿಯ ಜೊತೆ ತಾವು ಕೊಟ್ಟ ವರ್ಣಮಾಲೆಯ ಬಣ್ಣದ ಹಾಳೆ ನಮ್ಮ ನಡುಮನೆಯ ಗೋಡೆ ಮೇಲಿದೆ. ಅಚ್ಚು ಚೆನ್ನಾಗಿ ಬಂದಿದೆ. ಕೆಂಪು ಎಲ್ಲೂ ಗೆರೆ ದಾಟಿಲ್ಲ, ನಾಲ್ಕು ಬಣ್ಣವೂ ಒಂದರ ಮೇಲೊಂದು ಸರಿಯಾಗಿ ಕೂತಿವೆ. ಇಷ್ಟು ಹೇಳುವ ಹಕ್ಕು ನನಗುಂಟು. 38 ವರ್ಷ ಮೈಸೂರಿನ ಪ್ರೆಸ್ಸುಗಳಲ್ಲೇ ದುಡಿದವನು ನಾನು. ಮೊದಲು ಅಚ್ಚಿನ ಮೊಳೆ ಜೋಡಿಸಿದೆ, ಆಮೇಲೆ ಕಾಲಿನಲ್ಲಿ ನಡೆಸುವ ಟ್ರೆಡಲ್ ಯಂತ್ರ ತುಳಿದೆ, ಆಫ್‌ಸೆಟ್ ಬಂದ ಮೇಲೆ ಕಟಿಂಗ್ ಮೆಷಿನ್ ಮುಂದೆ ನಿಂತು ನಿವೃತ್ತನಾದೆ. ‘ಅ ಅರಸ, ಆ ಆನೆ’ ಚಾರ್ಟುಗಳನ್ನು ನಾನೇ ಎಷ್ಟು ಸಾವಿರ ಕತ್ತರಿಸಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ಈ ಪತ್ರದ ತಕರಾರಿನಲ್ಲಿ ಅರ್ಧ ಪಾಲು ನನ್ನ ತಲೆಗೂ ಬರುತ್ತದೆ.

ತಕರಾರು ಇಷ್ಟೇ. ಹಾಳೆಯ ತಲೆಬರಹದಲ್ಲಿ ‘ಎರಡು ವರ್ಷದ ಕಂದಮ್ಮಗಳಿಗೂ’ ಎಂದು ಹಾಕಿದ್ದೀರಿ. ನಮ್ಮ ಮನೆಯಲ್ಲಿ ಒಂದು ವರ್ಷ ಹತ್ತು ತಿಂಗಳ ಮೊಮ್ಮಗಳಿದ್ದಾಳೆ. ಅವಳಿಗೆ ಠಸ್ಸೆ ಯಾಕೆ, ಢಕ್ಕೆ ಯಾಕೆ? ಅಕ್ಷರ ಬೇಕಾಗುವುದು ಓದುವವರಿಗೆ. ಅವಳಿಗೆ ಸದ್ಯಕ್ಕೆ ಬೇಕಾಗಿರುವುದು ಮಾತು.

ಅಂಗಡಿಯಲ್ಲಿ ಸಿಗುವ ಚಿತ್ರದ ಕಾರ್ಡುಗಳೂ ಇದೇ ಜಾಡಿನವು. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮುಗಿಸಿ ಬರುವಾಗ ಮಗ ಒಂದು ಡಬ್ಬಿ ತಂದ. ಐ ಅಂದರೆ ಇಗ್ಲೂ, ವೈ ಅಂದರೆ ಯಾಕ್, ಎಕ್ಸ್ ಅಂದರೆ ಝೈಲೋಫೋನು. ಮಗು ಇಗ್ಲೂ ಕಾರ್ಡನ್ನು ಎತ್ತಿ ಹಿಡಿದು ‘ಇಡ್ಲಿ’ ಅಂದಳು. ‘ಅಲ್ಲ ಕಂದಾ, ಇಗ್ಲೂ’ ಅಂದ ಮಗ. ಅವಳು ಚಿತ್ರವನ್ನು ಇನ್ನೊಮ್ಮೆ ನೋಡಿ ‘ಇಡ್ಲಿ ಬಿಸಿ’ ಅಂದಳು. ಎರಡು ಪದ ಸೇರಿಸಿ ಅವಳು ಆಡಿದ ಮೊದಲ ಮಾತು ಅದೇ ಇರಬೇಕು. ಹಿಮದ ಮನೆಗೆ ಬಿಸಿ ಅಂದಳಲ್ಲ ಎಂದು ಎಲ್ಲರೂ ನಕ್ಕೆವು. ರಾತ್ರಿ ಮಲಗಿದಾಗ ಅದೇ ತಲೆಯಲ್ಲಿ ಕೊರೆಯಿತು. ಇಗ್ಲೂ ಬಗ್ಗೆ ನಮ್ಮ ಮನೆಯ ನಾಲ್ಕು ಜನ ದೊಡ್ಡವರಲ್ಲಿ ಯಾರಿಗಾದರೂ ಮೂರನೇ ವಾಕ್ಯ ಬರುತ್ತದೆಯೇ? ಇಡ್ಲಿ ಬಗ್ಗೆಯಾದರೆ ಬೆಳಗಿನ ತನಕ ಮಾತಾಡಬಹುದು. ಹಿಟ್ಟು ಉಬ್ಬಿತೋ ಇಲ್ಲವೋ, ಹಬೆ ಬಂತೋ, ತಟ್ಟೆಗೆ ಅಂಟಿತೋ, ಚಟ್ನಿಗೆ ಖಾರ ಹೆಚ್ಚಾಯಿತೋ.

ನಮ್ಮ ಮನೆಯ ಕಾರ್ಡು ನಾನೇ ಮಾಡೋಣವೆಂದು ಮಾರನೇ ದಿನ ಹಳೇ ಪ್ರೆಸ್ಸಿಗೆ ಹೋದೆ. ಮದುವೆ ಕಾರ್ಡು ಕತ್ತರಿಸಿ ಉಳಿದ ತುಂಡುಗಳು ಅಲ್ಲಿ ಮೂಟೆಗಟ್ಟಲೆ ಬಿದ್ದಿರುತ್ತವೆ. ಮೊದಲ ಕಂತಿನಲ್ಲಿ ನಾನೇ ಎಡವಿದೆ. ಮಿನುಗು ಪುಡಿ ಹಾಕಿದ ಚಂದದ ಹಾಳೆ ಎಂದು ಆಸೆಪಟ್ಟು ಆರಿಸಿದ್ದೆ. ಮಗು ಬಾಯಿಗಿಟ್ಟ ಐದೇ ನಿಮಿಷಕ್ಕೆ ತುಟಿ, ಗಲ್ಲ ಎಲ್ಲ ಚಿನ್ನದ ಬಣ್ಣ. ಸೊಸೆ ಅವಳ ಬಾಯಿ ತೊಳೆಸಿ, ನನಗೊಂದು ಮಾತೂ ಆಡದೆ, ಅಷ್ಟನ್ನೂ ಕಸದ ಬುಟ್ಟಿಗೆ ಹಾಕಿದಳು. ಜೀವಮಾನವಿಡೀ ಕಾಗದದ ಜೊತೆ ಬದುಕಿದವನಿಗೆ ಇಷ್ಟು ಬುದ್ಧಿ ಬೇಡವೇ! ಎರಡನೇ ಸಲ ಸಾದಾ ಬಿಳಿ ಆರ್ಟ್ ಕಾರ್ಡು, 300 ಜಿಎಸ್‌ಎಂನ ದಪ್ಪನೆಯದು, ಎರಡೂ ಬದಿಗೆ ಲ್ಯಾಮಿನೇಶನ್, ನಾಲ್ಕು ಮೂಲೆಯೂ ದುಂಡಗೆ. ಮೂಲೆ ಕತ್ತರಿಸುತ್ತಿದ್ದಾಗ ನಮ್ಮೂರಿನ ಗಂಜೀಫಾ ಎಂಬ ಹಳೇ ಚಿತ್ರದೆಲೆಗಳ ಆಟ ನೆನಪಾಯಿತು. ಆ ಎಲೆಗಳಲ್ಲಿ ಹೆಚ್ಚಿನವು ದುಂಡಗೇ ಇರುತ್ತಿದ್ದವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಆ ಆಟದ ಹುಚ್ಚಿನಲ್ಲಿ ಬಗೆಬಗೆಯ ಹೊಸ ಕಟ್ಟುಗಳನ್ನೇ ರೂಪಿಸಿದವರು. ಚಿತ್ರ ಕೈಯಲ್ಲಿ ಹಿಡಿದು ಆಡುವುದು ಮೈಸೂರಿಗೇನು ಹೊಸದಲ್ಲ. ನಮ್ಮ ಮನೆಯವಳು ಮಾತ್ರ ಎಲೆ ಕಲಸುತ್ತಾ ಕೂತಿದ್ದ ನನ್ನನ್ನು ನೋಡಿ, ‘ರೀ, ನೆಟ್ಟಗೆ ಮಾತು ಬರೋಕ್ ಮುಂಚೆ ಮಗೂಗೆ ಇಸ್ಪೀಟ್ ಕಲಿಸ್ತಿದೀರಾ?’ ಅಂದಳು.

ಚಿತ್ರಗಳಲ್ಲಿ ಅರ್ಧ ನಾನೇ ಕರಿ ಶಾಯಿಯಲ್ಲಿ ಗೀಚಿದವು. ನಾನು ಬರೆದ ಬೆಕ್ಕನ್ನು ಬೆಕ್ಕೆಂದು ಮನೆಯಲ್ಲಿ ಇನ್ನೂ ಯಾರೂ ಒಪ್ಪಿಲ್ಲ. ಮಿಕ್ಕವು ಮೊಬೈಲಿನಲ್ಲಿ ಹಿಡಿದ ನಮ್ಮ ಮನೆಯದೇ ಫೋಟೊಗಳು, ಮತ್ತೆ ತಮ್ಮ ಪತ್ರಿಕೆಯಿಂದ ಕತ್ತರಿಸಿದವು. ದಸರಾ ತಾಲೀಮಿಗೆ ಹೊರಟ ಆನೆ ಸಾಲು, ಮಂಡ್ಯದ ಕಬ್ಬಿನ ಗಾಡಿ, ಗಾಳಿಗೆ ಕೊಡೆ ಉಲ್ಟಾ ಆಗಿ ಪೇಚಾಡುತ್ತಿರುವ ಒಬ್ಬ ಯಜಮಾನ. ಕಾರ್ಡಿನ ಹಿಂಬದಿಗೆ ವಸ್ತುವಿನ ಹೆಸರು ಬರೆಯಲಿಲ್ಲ, ಒಂದೊಂದು ಪ್ರಶ್ನೆ ಬರೆದೆ. ಅದು ಕೇಳುವ ದೊಡ್ಡವರಿಗಾಗಿ. ‘ಇದೇನು?’ ಎನ್ನುವ ಪ್ರಶ್ನೆ ಒಂದು ಕಾರ್ಡಿನಲ್ಲೂ ಇಲ್ಲ. ಆ ಪ್ರಶ್ನೆಗೆ ಒಂದು ಪದ ಬಂದರೆ ಅಲ್ಲಿಗೆ ಮಾತು ಮುಗಿಯಿತು. ಬರದಿದ್ದರೆ ಮಗು ಫೇಲು.

ತುರಿಮಣೆಯ ಕಾರ್ಡಿನ ಹಿಂದೆ ‘ಅಜ್ಜಿ ಇದರ ಮೇಲೆ ಕೂತು ಏನ್ ಮಾಡ್ತಾಳೆ?’ ಎಂದಿದೆ. ಮೊದಲ ದಿನ ಮಗು ‘ಕಾಯಿ’ ಅಂದಳು. ‘ಹೂಂ, ಅಜ್ಜಿ ಕಾಯಿ ತುರೀತಾಳೆ’ ಅಂದೆ, ಅಷ್ಟೇ. ‘ನೀನೂ ಹೇಳು, ತು-ರೀ-ತಾ-ಳೆ’ ಎಂದು ಗಂಟುಬೀಳಲಿಲ್ಲ. ದಿನಾ ಅದೇ ಪ್ರಶ್ನೆ, ಅದೇ ‘ಕಾಯಿ’, ಅದಕ್ಕೆ ನನ್ನದೊಂದು ಪದ ಬಾಲಂಗೋಚಿ. ಹತ್ತು ದಿನ ಕಳೆದಿರಬೇಕು. ಬೆಳಿಗ್ಗೆ ಅಡುಗೆಮನೆಯಿಂದ ಕರಕರ ಸದ್ದು ಬಂತು. ನನ್ನ ಪಂಚೆ ಹಿಡಿದು ಎಳೆದುಕೊಂಡು ಹೋಗಿ, ಬಾಗಿಲಲ್ಲಿ ನಿಂತು, ‘ಅಜ್ಜಿ ಕಾಯಿ ತುಯೀತಾಳೆ’ ಅಂದಳು. ಅಜ್ಜಿ ಅವಳ ಅಂಗೈ ಮೇಲೆ ಒಂದು ಚಿಟಿಕೆ ತುರಿ ಇಟ್ಟಳು. ಆವತ್ತಿನಿಂದ ಆ ಕಾರ್ಡು ಮೊದಲು ಕೈಗೆ ಬರಬೇಕು, ಇಲ್ಲವಾದರೆ ಆಟವೇ ಇಲ್ಲ.

ಇದರಲ್ಲಿ ನನಗೆ ಕಷ್ಟವಾದದ್ದು ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡು ಕೂರುವುದು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಏಳಕ್ಕೋ ಎಂಟಕ್ಕೋ ಏನಾದರೂ ಬರುತ್ತದೆ. ಮೂರಕ್ಕೇ ಉತ್ತರ ನಾವೇ ಹೇಳಿಬಿಡುವ ಜನ ನಾವು. ಗೌರಿ ಹಬ್ಬಕ್ಕೆ ಬಂದ ನೆಂಟರೊಬ್ಬರು ಕಾರ್ಡಿನ ಕಟ್ಟನ್ನು ಕೈಗೆ ತೆಗೆದುಕೊಂಡು ‘ಇದೇನು ಪುಟ್ಟಾ? ಇದೇನು? ಇದು?’ ಎಂದು ಪರೀಕ್ಷೆಗೆ ಕೂರಿಸಿದರು. ಮಗು ತುಟಿ ಬಿಚ್ಚಲಿಲ್ಲ. ‘ಇನ್ನೂ ಮಾತು ಬಂದಿಲ್ವಾ?’ ಎಂದು ಮರುಕಪಟ್ಟು ಹೊರಟರು. ಕಾರ್ಡುಗಳಲ್ಲಿ ಮೂರು ಅವರ ಚಪ್ಪಲಿಯೊಳಗೆ ಸಿಕ್ಕವು.

ಆಡುತ್ತಾ ಆಡುತ್ತಾ ನನಗೇ ಇನ್ನೊಂದು ಸಂಗತಿ ಹೊಳೆಯಿತು. ಅಂಗಡಿ ಕಾರ್ಡಿನಲ್ಲಿರುವುದೆಲ್ಲ ಬರೀ ಹೆಸರುಗಳು. ಕನ್ನಡದ ಸೊಗಸೆಲ್ಲ ಕ್ರಿಯಾಪದದಲ್ಲಿದೆ. ನಮ್ಮಮ್ಮ ಸೀರೆ ಉಡುತ್ತಿದ್ದಳು, ರವಿಕೆ ತೊಡುತ್ತಿದ್ದಳು, ಹೂ ಮುಡಿಯುತ್ತಿದ್ದಳು, ಕುಂಕುಮ ಇಡುತ್ತಿದ್ದಳು. ಅಪ್ಪ ರುಮಾಲು ಸುತ್ತಿ, ಎಕ್ಕಡ ಮೆಟ್ಟಿ ಹೊರಡುತ್ತಿದ್ದ. ಈಗ ನಮ್ಮ ಮನೆಯಲ್ಲಿ ಎಲ್ಲದಕ್ಕೂ ‘ಹಾಕ್ಕೋ’. ಸೀರೆ ಹಾಕ್ಕೋ, ಹೂ ಹಾಕ್ಕೋ, ಬೊಟ್ಟು ಹಾಕ್ಕೋ, ಚಪ್ಪಲಿ ಹಾಕ್ಕೋ. ಒಂದೇ ಮೊಳೆಯಲ್ಲಿ ಇಡೀ ಪುಸ್ತಕ ಅಚ್ಚು ಹಾಕಿದ ಹಾಗೆ. ಅದಕ್ಕೇ ಮಲ್ಲಿಗೆ ದಂಡೆಯ ಫೋಟೊ ಹಿಡಿದು, ಹಿಂದೆ ‘ಅಜ್ಜಿ ಇದನ್ನ ಎಲ್ಲಿ ಮುಡೀತಾಳೆ?’ ಎಂದು ಬರೆದೆ. ಮಗು ತನ್ನ ನೆತ್ತಿಯ ಜುಟ್ಟು ಹಿಡಿದುಕೊಂಡು ‘ಮುಡಿ’ ಅಂದಳು. ಕೂದಲನ್ನು ಮುಡಿ ಅಂದಳೋ, ಹೂ ಮುಡಿಸು ಅಂದಳೋ ಗೊತ್ತಾಗಲಿಲ್ಲ. ಕನ್ನಡದಲ್ಲಿ ಎರಡೂ ಸರಿ.

ಸೊಸೆ ಶಾಲೆಯಲ್ಲಿ ಟೀಚರು. ‘ಮಾವ, ನೀವು ಮಾಡ್ತಿರೋದಕ್ಕೆ ಒಂದು ಹೆಸರಿದೆ, ಡೈಲಾಜಿಕ್ ರೀಡಿಂಗ್ ಅಂತಾರೆ’ ಅಂದಳು. 1988ರಲ್ಲಿ ಅಮೆರಿಕದಲ್ಲಿ ವೈಟ್‌ಹರ್ಸ್ಟ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು, ಎರಡು ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಿಗಳಿಗೆ ಚಿತ್ರದ ಪುಸ್ತಕ ತೋರಿಸುವಾಗ ಹೇಗೆ ಕೇಳಬೇಕು, ಮಗು ಆಡಿದ್ದನ್ನು ಹೇಗೆ ಒಂದಿಷ್ಟು ಬೆಳೆಸಿ ಹೇಳಬೇಕು ಎಂದು ಕಲಿಸಿದರು. ಒಂದೇ ತಿಂಗಳಿಗೆ ಆ ಮಕ್ಕಳು, ಸುಮ್ಮನೆ ಓದಿಸಿಕೊಂಡ ಮಕ್ಕಳಿಗಿಂತ ಮಾತಿನಲ್ಲಿ ಮುಂದೆ ಹೋಗಿದ್ದರು. ನಾನು ಅಂಥದ್ದೇನೂ ಓದಿ ಶುರು ಮಾಡಿದವನಲ್ಲ. ಆದರೂ ಸೊಸೆ ಹಾಗೆಂದ ದಿನ ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿದೆ.

ಮೊಬೈಲಿನ ವಿಷಯ ಎತ್ತದಿದ್ದರೆ ತಪ್ಪಾಗುತ್ತದೆ. ನಮ್ಮ ಮನೆಯಲ್ಲೂ ಊಟದ ಹೊತ್ತಿಗೆ ಅದು ಇತ್ತು, ಸುಳ್ಳು ಹೇಳುವುದಿಲ್ಲ. ಒಂದು ವರ್ಷದ ಮಗುವಿಗೆ ಪರದೆಯೇ ಬೇಡ, ಎರಡು ವರ್ಷದ್ದಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮೊಬೈಲೊಳಗಿನ ಗೊಂಬೆಯೂ ‘ಇದು ಯಾವ ಬಣ್ಣ?’ ಎಂದು ಕೇಳುತ್ತದೆ. ಆದರೆ ಮಗು ಏನೆಂದಿತು ಎಂದು ಅದಕ್ಕೆ ಕೇಳಿಸುವುದಿಲ್ಲ. ‘ಇಡ್ಲಿ’ ಅಂದರೂ ಶಭಾಷ್, ಸುಮ್ಮನಿದ್ದರೂ ಶಭಾಷ್.

ಸರ್ಕಾರದಿಂದ ಏನೂ ಇಲ್ಲವೆಂದಲ್ಲ. 1975ರ ಅಕ್ಟೋಬರ್ 2ರಂದು ಅಂಗನವಾಡಿಯ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ನಮ್ಮ ಜಿಲ್ಲೆಯ ತಿ. ನರಸೀಪುರಕ್ಕೇ. ಆದರೆ ಅಲ್ಲಿ ಆಟಪಾಠ ಮೂರು ವರ್ಷ ತುಂಬಿದ ಮೇಲೆ. ಕೇಂದ್ರ ಸರ್ಕಾರದವರು 2023ರಲ್ಲಿ ಹೊರತಂದ ‘ಜಾದುಯಿ ಪಿಟಾರಾ’ ಪೆಟ್ಟಿಗೆಯಲ್ಲೂ ಕಾರ್ಡುಂಟು, ಗೊಂಬೆಯುಂಟು. ಅದೂ ಮೂರರಿಂದ ಎಂಟು ವರ್ಷದವರಿಗೆ. ಅದಕ್ಕಿಂತ ಚಿಕ್ಕ ಮಕ್ಕಳ ಮಾತಿಗೆ ಅಜ್ಜಿ ತಾತಂದಿರೇ ಗತಿ, ಅವರ ಕೈಯಲ್ಲೂ ಈಗ ಮೊಬೈಲು.

ಕಾರ್ಡಿನಿಂದ ಎಲ್ಲವೂ ಆಗುತ್ತದೆ ಎಂದು ಯಾರೂ ತಿಳಿಯಬಾರದು. ನಮ್ಮ ಬೀದಿಯಲ್ಲೇ ಎರಡು ವರ್ಷ ದಾಟಿದ ಗಂಡುಮಗುವೊಂದಕ್ಕೆ ನಾಲ್ಕು ಪದವೂ ಬಂದಿರಲಿಲ್ಲ. ‘ಅವರಪ್ಪನೂ ಲೇಟಾಗೇ ಮಾತಾಡಿದ್ದು’ ಎಂದು ಮನೆಯ ಹಿರಿಯರು ತಳ್ಳಿಹಾಕುತ್ತಿದ್ದರು. ಎರಡು ವರ್ಷಕ್ಕೆ ಸುಮಾರು ಐವತ್ತು ಪದವಾದರೂ ಇರಬೇಕು, ಎರಡೆರಡು ಜೋಡಿಸುವಂತಿರಬೇಕು ಎನ್ನುತ್ತಾರೆ ಬಲ್ಲವರು. ಇಲ್ಲದಿದ್ದರೆ ಮೊದಲು ಕಿವಿ ತೋರಿಸಬೇಕು. ದೂರದೂರದ ಊರಿನವರು ರೈಲು ಹತ್ತಿ ಬರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮಾನಸಗಂಗೋತ್ರಿಯಲ್ಲೇ ಇದೆ. ಸಿಟಿ ಬಸ್ಸಿನಲ್ಲಿ ಹೋಗಿಬರಬಹುದಾದ ನಾವೇ ‘ಬರುತ್ತೆ ಬಿಡಿ’ ಎಂದು ಕೂತಿರುತ್ತೇವೆ. ಆ ಮಗುವಿನ ತಾಯಿ ಕೊನೆಗೆ ಯಾರ ಮಾತನ್ನೂ ಕೇಳದೆ ಕರೆದುಕೊಂಡು ಹೋದಳು. ಒಳ್ಳೇ ಕೆಲಸ ಮಾಡಿದಳು.

ಈಗ ನನ್ನ ಕೋರಿಕೆ. ಪುರವಣಿಯ ಮಕ್ಕಳ ಪುಟದಲ್ಲಿ ವಾರಕ್ಕೊಂದೇ ಚಿತ್ರ, ಅಂಗೈ ಅಗಲದ್ದು, ಹಾಕಲಾದೀತೇ? ದೇವರಾಜ ಮಾರುಕಟ್ಟೆಯ ಬಾಳೆಗೊನೆ, ಕೊಳಾಯಿ ಕೆಳಗಿನ ಬಿಂದಿಗೆ, ಕಾಂಪೌಂಡ್ ಮೇಲಿನ ಕಾಗೆ, ಹೀಗೆ ಮಗು ದಿನಾ ಕಾಣುವಂಥದ್ದು. ಅಕ್ಷರ ಬೇಡ. ಕೆಳಗೆ ಸಣ್ಣದಾಗಿ ಎರಡು ಪ್ರಶ್ನೆ ಇದ್ದರೆ ಸಾಕು, ‘ಕಾಗೆ ಎಲ್ಲಿ ಕೂತಿದೆ? ಹಾರಿಹೋಗಿ ಏನ್ ತಿನ್ನುತ್ತೆ?’ ಎನ್ನುವ ಹಾಗೆ. ಸುತ್ತ ಅರ್ಧ ಅಂಗುಲ ಖಾಲಿ ಬಿಡಿಸಿ, ಕತ್ತರಿಸುವವರ ಕೈ ನಡುಗಿದರೂ ಚಿತ್ರ ಉಳಿಯುತ್ತದೆ. ಮನೆಯಲ್ಲಿರುವ ಹಳೇ ಮದುವೆ ಕಾರ್ಡಿಗೆ ಅಂಟಿಸಿಕೊಂಡರೆ ಖರ್ಚಿಲ್ಲ. ಮಿನುಗು ಪುಡಿಯ ಕಾರ್ಡು ಮಾತ್ರ ಬೇಡ.

ಇನ್ನೊಂದು ಮಾತು, ಇದು ತಮ್ಮಲ್ಲಿ ಪುಟ ಕಟ್ಟುವವರಿಗೆ. ಆ ಚಿತ್ರದ ಬೆನ್ನಿಗೆ ಶ್ರದ್ಧಾಂಜಲಿ ಜಾಹೀರಾತು ಬರದಂತೆ ದಯವಿಟ್ಟು ನೋಡಿಕೊಳ್ಳಿ. ಕಬ್ಬಿನ ಗಾಡಿಯ ಚಿತ್ರ ಕತ್ತರಿಸಿ, ಅಂಟು ಹಚ್ಚುವ ಮೊದಲು ನೆಲದ ಮೇಲಿಟ್ಟಿದ್ದೆ. ಮಗು ಅದನ್ನು ಮಗುಚಿ ಹಾಕಿದಳು. ಹಿಂಬದಿಯಲ್ಲಿ ಹಾರ ಹಾಕಿದ ಹಿರಿಯರೊಬ್ಬರ ಅರ್ಧ ಮುಖ, ನನ್ನಂಥದ್ದೇ ಕನ್ನಡಕ. ಅಲ್ಲಿಯವರೆಗೆ ಕೇಳುವವನು ನಾನು, ಹೇಳುವವಳು ಅವಳು. ಆವತ್ತು ಅವಳೇ ಆ ಮುಖದ ಮೇಲೆ ಬೆರಳಿಟ್ಟು, ‘ತಾತಾ, ಯಾಉ?’ ಅಂದಳು. ಅವಳು ಕೇಳಿದ ಮೊದಲ ಪ್ರಶ್ನೆ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದೆ, ಉತ್ತರ ಬರಲಿಲ್ಲ. ಅವಳು ನನ್ನ ಮುಖ ನೋಡುತ್ತಾ ಕಾಯುತ್ತಲೇ ಇದ್ದಳು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮುದ್ರಣ ಕಾರ್ಮಿಕ
ಕೃಷ್ಣಮೂರ್ತಿಪುರಂ, ಮೈಸೂರು