‘ನೀರಸ ಡ್ರಾ’ ಎಂಬ ಒಂದು ಸಾಲು

ಮಾನ್ಯ ಸಂಪಾದಕರೇ,

ಈಚೆಗೆ ಶಿರಸಿಯಲ್ಲಿ ನಡೆದ ಮುಕ್ತ ಚದುರಂಗ ಪಂದ್ಯಾವಳಿಯ ಕೊನೆಯ ಸುತ್ತಿನ ಮೊದಲ ಬೋರ್ಡಿನ ಆಟವನ್ನು ತಮ್ಮ ಜಿಲ್ಲಾ ಪುಟವು ‘ನೀರಸ ಡ್ರಾ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದೆ. ಆ ಮೇಜಿನ ಪಕ್ಕದಲ್ಲಿ ಮೂರು ತಾಸು ನಿಂತು ನೋಡಿದ ನಾನು ಈ ಮಾತನ್ನು ಒಪ್ಪಲಾರೆ.

ಕಪ್ಪು ಕಾಯಿಗಳಲ್ಲಿ ಆಡಿದ ಕಾಲೇಜು ವಿದ್ಯಾರ್ಥಿನಿ ಆರಿಸಿಕೊಂಡದ್ದು ರೂಯ್ ಲೋಪೆಜ್ ಎಂಬ ಆರಂಭದ (ಆಟದ ಮೊದಲ ನಡೆಗಳ ಕ್ರಮದ) ಒಂದು ಕವಲಾದ ಬರ್ಲಿನ್ ಡಿಫೆನ್ಸ್. ಇದರ ಮುಖ್ಯ ಹಾದಿಯಲ್ಲಿ 8ನೇ ನಡೆಗೇ ಇಬ್ಬರ ಮಂತ್ರಿಗಳೂ ಬೋರ್ಡಿನಿಂದ ಹೋಗುತ್ತವೆ. ಕಪ್ಪು ರಾಜ ಕ್ಯಾಸ್ಲಿಂಗ್ ಮಾಡುವ (ಆನೆಯ ಜತೆ ಒಂದೇ ನಡೆಯಲ್ಲಿ ಸುರಕ್ಷಿತ ಮೂಲೆಗೆ ಸರಿಯುವ) ಅವಕಾಶ ಕಳೆದುಕೊಳ್ಳುತ್ತಾನೆ, ಸಿ ಸಾಲಿನಲ್ಲಿ (ಉದ್ದ ಸಾಲುಗಳಿಗೆ ಎಯಿಂದ ಎಚ್‌ವರೆಗೆ ಅಕ್ಷರ, ಅಡ್ಡ ಸಾಲುಗಳಿಗೆ 1ರಿಂದ 8ರವರೆಗೆ ಅಂಕಿ) ಎರಡು ಕಾಲಾಳುಗಳು ಒಂದರ ಹಿಂದೊಂದು ಸಿಕ್ಕಿಕೊಳ್ಳುತ್ತವೆ. ಇಷ್ಟು ಕೊಟ್ಟು ಕಪ್ಪು ಪಡೆಯುವುದು ತನ್ನ ಎರಡೂ ಒಂಟೆಗಳು ಉಳಿದಿರುವ ಅನುಕೂಲವನ್ನು ಮತ್ತು ಸುಲಭಕ್ಕೆ ಬಿರುಕು ಬಿಡದ ಒಂದು ಕೋಟೆಯನ್ನು. 2000ರಲ್ಲಿ ಲಂಡನ್ನಿನಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಇದೇ ಆರಂಭವನ್ನು ಅಡ್ಡ ಹಿಡಿದು, 1985ರಿಂದ ಪಟ್ಟದಲ್ಲಿದ್ದ ಗ್ಯಾರಿ ಕ್ಯಾಸ್ಪರೋವ್ ಅವರಿಗೆ 15 ಆಟಗಳಲ್ಲಿ ಒಂದನ್ನೂ ಗೆಲ್ಲಗೊಡದೆ, 2 ಗೆಲುವು ಮತ್ತು 13 ಡ್ರಾಗಳಿಂದ ವಿಶ್ವ ಚಾಂಪಿಯನ್ ಆದರು.

ನಮ್ಮ ಶಿರಸಿಯ ಆಟದ ಕೊನೆಯಲ್ಲಿ ಬಿಳಿಗೆ ಇ5 ಮತ್ತು ಎಫ್4ರಲ್ಲಿ ಎರಡು ಕಾಲಾಳುಗಳು ಹೆಚ್ಚಿಗೆ ಇದ್ದವು. ಕಪ್ಪಿಗೆ ಕಾಲಾಳೇ ಉಳಿದಿರಲಿಲ್ಲ. ಆದರೆ ಬಿಳಿಯ ಒಂಟೆ ಓಡಾಡುವುದು ಕಪ್ಪು ಮನೆಗಳಲ್ಲಿ, ಹುಡುಗಿಯ ಒಂಟೆ ಬಿಳಿ ಮನೆಗಳಲ್ಲಿ. ಆಕೆ ರಾಜನನ್ನು ಇ6ರಲ್ಲಿ ಊರಿಸಿ, ಒಂಟೆಯನ್ನು ಬಿ1ರಿಂದ ಎಚ್7ರವರೆಗಿನ ಓರೆಗೆರೆಯಲ್ಲಿ ಅತ್ತಿತ್ತ ನಡೆಸುತ್ತಾ ಎಫ್5ರ ಮೇಲೆ ಕಣ್ಣಿಟ್ಟಿದ್ದಳು. ಎಫ್ ಕಾಲಾಳು ಮುಂದೆ ಹೆಜ್ಜೆಯಿಟ್ಟರೆ ಅದು ಹೋದಂತೆಯೇ. ರಾಜನನ್ನು ಅಲ್ಲಿಂದ ಎಬ್ಬಿಸಲು ಕಪ್ಪು ಮನೆಯ ಒಂಟೆಗೆ ಸಾಧ್ಯವೇ ಇಲ್ಲ. ಎದುರಾಳಿ ಇಪ್ಪತ್ತು ನಡೆಗಳಷ್ಟು ದಾರಿ ಹುಡುಕಿ, ಕೊನೆಗೆ ಗಡಿಯಾರ ನಿಲ್ಲಿಸಿ ಕೈ ಚಾಚಿದರು.

ಬೇಸರ ತರಿಸುವ ಡ್ರಾಗಳೂ ಇವೆ ಎಂಬುದನ್ನು ಅಲ್ಲಗಳೆಯುತ್ತಿಲ್ಲ. ಇದೇ ಬರ್ಲಿನ್‌ನಲ್ಲಿ ಮಂತ್ರಿಗಳು ಅದೇ ಮನೆಗಳಿಗೆ ಹೋಗಿ ಬಂದು, 14 ನಡೆಗಳೊಳಗೆ ಒಂದೇ ಸ್ಥಿತಿ ಮೂರು ಸಲ ಬಂತು, ಆದ್ದರಿಂದ ಡ್ರಾ ಎಂದು ಇಬ್ಬರೂ ಎದ್ದು ಹೋಗುವ ಹಾದಿಯೊಂದಿದೆ. 30 ನಡೆಗೆ ಮೊದಲು ಡ್ರಾ ಕೇಳಬಾರದೆಂಬ ಕೆಲವು ಪಂದ್ಯಾವಳಿಗಳ ನಿಯಮಕ್ಕೂ ಅದು ಸಿಗುವುದಿಲ್ಲ. ಅಂಥದ್ದನ್ನು ನೀರಸ ಎನ್ನಿ, ನನ್ನ ತಕರಾರಿಲ್ಲ. ಯಾವುದು ಯಾವ ಬಗೆಯದೆಂದು ಓದುಗನಿಗೆ ತಿಳಿಯಬೇಕಾದರೆ ಆರಂಭದ ಹೆಸರು ಮತ್ತು ನಡೆಗಳನ್ನು ಅಚ್ಚು ಮಾಡಬೇಕು. ರಾಶಿ, ಚಾಲಿ ಅಡಿಕೆಯ ಧಾರಣೆಗೆ ದಿನವೂ ಜಾಗ ಸಿಗುವ ಪುಟದಲ್ಲಿ (ಸಿಗಲೇಬೇಕು, ನಾನೂ ತೋಟದವನೇ) ಪಂದ್ಯಾವಳಿ ಮುಗಿದ ಮಾರನೆಯ ದಿನ ಒಂದು ಆಟಕ್ಕೆ ಎಂಟು ಸಾಲು ಕೊಡಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಶಿರಸಿ